ಹಿರೇಹಡಗಲಿಯ ಕಲ್ಲಿನ ಬಾಗಿಲು

ಮೈಲಾರದ ಜಾತ್ರೆಗೆ ಹೋಗುವವರು, ಕುರುವತ್ತಿಯ ಮಲ್ಲಿಕಾರ್ಜುನನಿಗೆ ಕೈಮುಗಿಯುವವರು, ಮಲ್ಲಿಗೆ ಕೊಳ್ಳುವವರು ಎಲ್ಲರೂ ಹಡಗಲಿ ಸೀಮೆಯನ್ನು ಬಲ್ಲರು. ಆದರೆ ಹಿರೇಹಡಗಲಿಯಲ್ಲಿ ಬಸ್ಸಿನಿಂದಿಳಿದು, ಕಲ್ಲೇಶ್ವರ ಗುಡಿಯ ಬಾಗಿಲ ಮುಂದೆ ಅರ್ಧ ತಾಸು ನಿಲ್ಲುವವರು ಕಡಿಮೆ.

ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಊರು ಇತಿಹಾಸಕಾರರಿಗೆ ಹಳೆಯ ಪರಿಚಯ. ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ಭಾಷೆಯ ತಾಮ್ರಪಟಗಳು ಸಿಕ್ಕಿದ್ದು ಇಲ್ಲಿಯೇ. ಅದಾದ ಎಷ್ಟೋ ಶತಮಾನಗಳ ಮೇಲೆ, 11ನೇ ಶತಮಾನದ ಮಧ್ಯಭಾಗದಲ್ಲಿ, ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ ಈ ಗುಡಿಯನ್ನು ಕಟ್ಟಿಸಿದ. ಅವನ ಹೆಸರಿನಿಂದಲೇ ದೇವರಿಗೆ ದೇಮೇಶ್ವರನೆಂಬ ಹೆಸರಿತ್ತೆಂದು ಶಾಸನ ತಿಳಿಸುತ್ತದೆ.

ಗುಡಿಯ ಕಲ್ಲು ಬಳಪದ ಕಲ್ಲು. ಹಿಂದೆ ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ ನೆಂಟ ಇದು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬಳಪಕ್ಕೆ ಮೃದುತ್ವ ಕೊಡುವ ಟಾಲ್ಕ್‌ಗೆ ಕೇವಲ 1. ಐಹೊಳೆ, ಬಾದಾಮಿಗಳ ಮರಳುಗಲ್ಲು ಕಣಕಣವಾಗಿ ಉದುರುತ್ತದೆ. ಬಳಪದ ಕಲ್ಲು ಉಳಿಗೆ ಒಲಿಯುತ್ತದೆ. ಆದ್ದರಿಂದಲೇ ಬಾಗಿಲುವಾಡದ ಮೇಲೆ ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯ ಪಕ್ಕ ಬಳ್ಳಿ ಮೂಡಿಸಲು ಶಿಲ್ಪಿಗೆ ಸಾಧ್ಯವಾಯಿತು.

ಈ ಕೆಲಸದ ಕಷ್ಟ ತಿಳಿಯಲು ಹಳೆಯ ಮೋಟಾರು ಕಾರುಗಳನ್ನು ಮತ್ತೆ ಕಟ್ಟುವ ಕುಶಲಕರ್ಮಿಯನ್ನು ನೆನೆಯಬಹುದು. ಅಂಗಡಿಯಲ್ಲಿ ಸಿಗದ ಬಾಗಿಲನ್ನು ಆತ ಕೈಯಿಂದಲೇ ಮಾಡುತ್ತಾನೆ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಚೌಕಟ್ಟು ಕೂಡಿಸಿ, ತಗಡನ್ನು ಮರಳಿನ ಚೀಲದ ಮೇಲಿಟ್ಟು ಬಡಿದು ಉಬ್ಬಿಸಿ, ಅದರ ಅಂಚನ್ನು ಚೌಕಟ್ಟಿನ ಸುತ್ತ ಮಡಿಚುತ್ತಾನೆ. ಸುತ್ತಲಿನ ಸಂದು ಎಲ್ಲೆಡೆ ಒಂದೇ ಸಮ ಬರುವವರೆಗೆ ಬಾಗಿಲನ್ನು ಹತ್ತಾರು ಸಲ ಕೂರಿಸಿ ಇಳಿಸುತ್ತಾನೆ. ತಗಡು ಹೆಚ್ಚು ಉಬ್ಬಿದರೆ ತಟ್ಟಿ ಇಳಿಸಬಹುದು, ಸಾಲದಿದ್ದರೆ ತುಂಡು ಬೆಸೆಯಬಹುದು. ಕಲ್ಲಿಗೆ ಆ ಸವಲತ್ತಿಲ್ಲ. ಒಮ್ಮೆ ಚೆಕ್ಕೆ ಹಾರಿದರೆ ಹೋಯಿತು! ಹೊಸ್ತಿಲು, ಎರಡು ನಿಲುವು, ಮೇಲಿನ ತೊಲೆ ಇವಿಷ್ಟನ್ನೂ ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕೂಡಿಸಬೇಕಿತ್ತು.

ಇಲ್ಲೊಂದು ಭೌತವಿಜ್ಞಾನದ ಪಾಠವೂ ಇದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಬಾಗಿಲ ಮೇಲಿನ ತೊಲೆಗೆ ಭಾರ ಬಿದ್ದಾಗ ಅದರ ಮೇಲುಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ತೊಲೆ ಉದ್ದವಾದಷ್ಟೂ ಬಿರುಕಿನ ಭಯ. ಕಲ್ಲಿನ ಗುಡಿಗಳಲ್ಲಿ ಬಾಗಿಲು ಕಿರಿದಾಗಿ, ಕಂಬಗಳು ಒತ್ತಾಗಿ ಇರುವುದೇಕೆ ಎಂದು ಕೇಳುವ ಮಗುವಿಗೆ ಇದೇ ಉತ್ತರ.

ಬ್ರಿಟಿಷರ ಕಾಲದಲ್ಲಿ ಅಲೆಕ್ಸಾಂಡರ್ ರೀ ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳ ಕುರಿತು 1896ರಲ್ಲಿ ಚಿತ್ರಗಳ ಗ್ರಂಥ ಹೊರತಂದ. ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸನೂ ಈ ಗುಡಿಯ ಬಗ್ಗೆ ಬರೆದ. ಕಟ್ಟಿಸಿದ ಮಂತ್ರಿಯ ಹೆಸರು ಉಳಿಯಿತು, ಚಿತ್ರ ಬರೆಸಿದವರ ಹೆಸರೂ ಉಳಿಯಿತು. ಬಾಗಿಲು ಕಡೆದವನ ಗುರುತಾಗಿ ಉಳಿದಿರುವುದು ಆ ಬಾಗಿಲೊಂದೇ.

ಉಳಿಗೆ ಒಲಿದ ಕಲ್ಲು ಮೊಳೆಗೂ ಒಲಿಯುತ್ತದೆ ಎಂಬುದೇ ಚಿಂತೆಯ ಮಾತು. ಶಿಲ್ಪಿಗೆ ಅನುಕೂಲವಾದ ಮೃದುತ್ವ, ಹೆಸರು ಗೀಚುವ ಕೈಗೂ ಅನುಕೂಲವೇ. ಕಾರಿನ ಬಾಗಿಲಿಗೆ ಗೀರು ಬಿದ್ದರೆ ಬಣ್ಣ ಹಚ್ಚಿ ಮುಚ್ಚಬಹುದು. ಸಾವಿರ ವರ್ಷಕ್ಕೆ ಹತ್ತಿರವಾದ ಈ ಬಾಗಿಲಿಗೆ ಬಿದ್ದ ಗೀರು ಹಾಗೆಯೇ ಉಳಿಯುತ್ತದೆ. ಶಾಲಾ ಪ್ರವಾಸಕ್ಕೆ ಹಂಪಿಗೆ ಹೊರಡುವ ಮಕ್ಕಳನ್ನು ಒಮ್ಮೆ ಹಿರೇಹಡಗಲಿಗೂ ಕರೆತರಬೇಕು. ಅವರ ಕೈಯಲ್ಲಿ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ ಇರಲಿ. ಬರೆಯುವ ಆಸೆಯಾದರೆ ಬಾಗಿಲ ಬಳ್ಳಿಯನ್ನು ಅದರಲ್ಲಿ ಬರೆದುಕೊಳ್ಳಲಿ.