ಅಂಕವೂ ಸಂಕೇತವೂ

ಕನ್ನಡ ಪಂಡಿತನಿಗೆ ವಿಜ್ಞಾನದ ಪ್ರಯೋಗಶಾಲೆಯಲ್ಲಿ ಏನು ಕಾರ್ಯವೆಂದು ಕೇಳುವವರುಂಟು. ಭಾಷೆಯ ತಾಸುಗಳಲ್ಲಿ ಒಂದೆರಡನ್ನು ಗಣಕಯಂತ್ರಕ್ಕೆ ಏಕೆ ಬಿಟ್ಟುಕೊಡಬಾರದೆಂದು ಶಾಲೆಯ ಹಿತೈಷಿಗಳೊಬ್ಬರು ಸದ್ಭಾವದಿಂದಲೇ ನನ್ನನ್ನು ಕೇಳಿದರು. ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನೇ ಅದಕ್ಕೆ ಉತ್ತರವಾಗಿ ಇಲ್ಲಿ ನಿವೇದಿಸುತ್ತೇನೆ.

ನಮ್ಮ ಮಂಗಳೂರು ಕಡಲ ತಡಿಯ ಮಂಗಳೂರಲ್ಲ; ಕೊಪ್ಪಳ ಜಿಲ್ಲೆಯ ಎರೆಭೂಮಿಯ ಊರು. ಇಲ್ಲಿ ಮಣ್ಣಿನ ತೇವವೆಂಬುದು ಅನ್ನದ ಪ್ರಶ್ನೆ. ನಮ್ಮ ಹುಡುಗರು ಆರ್ಡುಯಿನೊ ಎಂಬ ಅಂಗೈಯಗಲದ ಫಲಕಕ್ಕೆ ತೇವಮಾಪಕದ ಕಡ್ಡಿಯೊಂದನ್ನು ಜೋಡಿಸಿ, ಅದು ಅಳೆದ ಸಂಖ್ಯೆಯನ್ನು ತಂತಿಯ ಮೂಲಕ ಗಣಕಕ್ಕೆ ಕಳುಹುತ್ತಿದ್ದರು. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ರೂಪುಗೊಂಡ ಫಲಕವದು. ಅದರ ಅಳತೆ 0ಯಿಂದ 1023ರ ವರೆಗೆ. ಆದರೆ ಫಲಕದ ಪುಟ್ಟ ಪರದೆಯಲ್ಲಿ 600 ಇದ್ದಾಗ ಗಣಕದಲ್ಲಿ 88 ಮೂಡಿತು. 256 ಇದ್ದಾಗ ಬರಿಯ ಸೊನ್ನೆ! "ಇದು ಸುಳ್ಳು ಹೇಳತೈತ್ರಿ ಸರ್, ಇದನ್ನ ನಂಬಿ ನಮ್ಮಪ್ಪ ಹೊಲಕ್ಕ ನೀರು ಹ್ಯಾಂಗ ಬಿಡಬೇಕ್ರೀ?" ಎಂದ ಒಬ್ಬ ಹುಡುಗನ ಮಾತಿನಲ್ಲಿ ನಿಜವಾದ ಕಳವಳವಿತ್ತು.

ವಿಜ್ಞಾನದ ಅಧ್ಯಾಪಕರು ಕಾರಣವನ್ನು ವಿವರಿಸಿದರು. ತಂತಿಯಲ್ಲಿ ಸಾಗುವ ಒಂದೊಂದು ಬೈಟಿನಲ್ಲಿ 0ಯಿಂದ 255ರ ವರೆಗಿನ ಸಂಖ್ಯೆಗೆ ಮಾತ್ರ ಎಡೆಯುಂಟು. ಅದಕ್ಕೂ ದೊಡ್ಡದನ್ನು ಒಂದೇ ಬೈಟಿನಲ್ಲಿ ತುಂಬಹೊರಟರೆ, 256ರಿಂದ ಭಾಗಿಸಿ ಉಳಿದ ಶೇಷವಷ್ಟೇ ಆಚೆ ದಡವನ್ನು ಸೇರುತ್ತದೆ. ಸಂಖ್ಯೆಯನ್ನು ಅಕ್ಷರಗಳಾಗಿ ಬರೆದು ಕಳುಹಿದರೆ ಈ ಬಾಧೆಯಿಲ್ಲ. ಆಗ 2, 5, 6 ಎಂಬ ಮೂರು ಅಂಕಗಳು ತಮ್ಮ ಸಂಕೇತಗಳಾದ 50, 53, 54 ಎಂಬ ಮೂರು ಬೈಟುಗಳಾಗಿ ಹೋಗುತ್ತವೆ.

ಅಂಕವೇ ಬೇರೆ, ಸಂಖ್ಯೆಯೇ ಬೇರೆ ಎಂಬ ಈ ವಿವೇಕ ನಮ್ಮವರಿಗೆ ಹೊಸದಲ್ಲ. ಅಶೋಕನ ಶಾಸನಗಳು ನಮ್ಮ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿವೆ. ಅದೇ ಅರಸನ ಬ್ರಹ್ಮಗಿರಿಯ ಶಾಸನದಲ್ಲಿ ಇದೇ 256 ಎಂಬ ಸಂಖ್ಯೆ ಬರುತ್ತದೆ. ಅಲ್ಲಿ ಸ್ಥಾನಬೆಲೆಯಿಲ್ಲ, 200ಕ್ಕೆ ಒಂದು ಚಿಹ್ನೆ, 50ಕ್ಕೆ ಒಂದು, 6ಕ್ಕೆ ಮತ್ತೊಂದು. ಸಂಖ್ಯೆ ಒಂದೇ, ಬರೆವ ಬಗೆ ಬೇರೆ.

ದೊಡ್ಡ ಸಂಖ್ಯೆಯನ್ನು ಎರಡು ಬೈಟುಗಳಾಗಿ ಒಡೆದು ಕಳುಹುವ ಮಾರ್ಗವೂ ಉಂಟಷ್ಟೆ. ಆಗ 600 ಎಂಬುದು 2 ಮತ್ತು 88 ಆಗುತ್ತದೆ. ಯಾವುದು ಮೊದಲು ಬರುವುದೆಂದು ತಿಳಿಯದವನು ಅದನ್ನು 22530 ಎಂದು ಓದಿಯಾನು! ಭೂತಸಂಖ್ಯೆಗಳಲ್ಲಿ ಕಾಲವನ್ನು ಹೇಳಿದ ಶಾಸನಕವಿಗಳು ಇದನ್ನು ಚೆನ್ನಾಗಿ ಬಲ್ಲರು. ಋತು-ಬಾಣ-ನೇತ್ರ ಎಂದರೆ ಕ್ರಮವಾಗಿ 6, 5, 2. ಆದರೆ ಅಂಕಗಳು ಎಡಕ್ಕೆ ನಡೆಯುತ್ತವೆಂಬ ನಿಯಮದಂತೆ ಅದನ್ನು 256 ಎಂದೇ ಗ್ರಹಿಸಬೇಕು. ನಿಯಮವರಿಯದವನಿಗೆ ಅದು 652.

ಇನ್ನು ವಿರಾಮದ ಮಾತು. 25 ಮತ್ತು 6 ಎಂಬ ಎರಡು ಅಳತೆಗಳನ್ನು ತೆರಪಿಲ್ಲದೆ ಅಕ್ಷರಗಳಾಗಿ ಕಳುಹಿದರೆ ಓದುವವನಿಗೆ ಅವು 256 ಆಗುತ್ತವೆ. ಪದಗಳ ನಡುವೆ ತೆರಪಿಲ್ಲದ ಓಲೆಗರಿಗಳನ್ನು ಬಿಡಿಸಿ ಓದಿದವರಿಗೆ ಈ ಕಷ್ಟ ವಿದಿತವೇ ಆಗಿದೆ. ವೇಗವೂ ಹಾಗೆಯೇ: ಕಳುಹುವವನು ಸೆಕೆಂಡಿಗೆ 9600 ಬಿಟ್ಟುಗಳ ಲಯದಲ್ಲಿದ್ದು, ಕೊಳ್ಳುವವನು ಬೇರೆ ಲಯದಲ್ಲಿದ್ದರೆ ಕೈಗೆ ಬರುವುದು ಅರ್ಥಹೀನ ಚಿಹ್ನೆಗಳ ರಾಶಿ.

ಇವನ್ನೆಲ್ಲ ಹುಡುಗರಿಗೆ ಹೇಳಿದೆ. ಅವರು ಪ್ರತಿಯೊಂದು ಅಳತೆಯನ್ನೂ ಅಕ್ಷರಗಳಾಗಿ, ಸಾಲಿಗೊಂದರಂತೆ ಕಳುಹುವ ಏರ್ಪಾಡು ಮಾಡಿದರು. ಪರದೆಯಲ್ಲಿದ್ದುದೂ ಗಣಕದಲ್ಲಿದ್ದುದೂ ಒಂದೇ ಆಯಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಹೇಳುವವನಿಗೂ ಕೇಳುವವನಿಗೂ ನಡುವೆ ಒಪ್ಪಂದವಿರಲಿಲ್ಲ, ಅಷ್ಟೆ. ಅದನ್ನು ತಿಳಿದ ಮೇಲೆ ಆ ಹುಡುಗನು ಮಾಪಕವನ್ನು ತಂದೆಯ ಹೊಲಕ್ಕೆ ಒಯ್ಯಲು ಅನುಮತಿ ಬೇಡಿದನು.

ಚಿಹ್ನೆ, ಕ್ರಮ, ವಿರಾಮ, ಲಯ — ಈ ನಾಲ್ಕರ ಒಪ್ಪಂದವನ್ನೇ ಅಲ್ಲವೇ ವ್ಯಾಕರಣವೂ ಛಂದಸ್ಸೂ ಕಲಿಸುವುದು? ಆದುದರಿಂದ ಹಿತೈಷಿಗಳಲ್ಲಿ ನನ್ನ ವಿನಂತಿ ಇಷ್ಟೇ: ಗಣಕದ ತಾಸು ಅವಶ್ಯ ಬರಲಿ, ಆದರೆ ಅದು ಭಾಷೆಯ ತಾಸನ್ನು ಕಳೆದು ಬರದಿರಲಿ, ಅದರೊಡನೆ ಕೂಡಿ ಬರಲಿ.