ಕಳಿಸುವ ಹಬ್ಬ

ಗಣಪ್ಪ ಕರಗುವುದನ್ನು ನಾನು ಮೊದಲ ಸಲ ಪೂರ್ತಿ ನೋಡಿದ್ದು ಲಕಮನಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ, 15 ಲೀಟರಿನ ಬಕೆಟ್ಟಿನೊಳಗೆ. ಅಲ್ಲಿಯವರೆಗೆ ಪ್ರತಿ ವರ್ಷ ಆರತಿ ಎತ್ತಿ, ಮೂರು ಸಲ ಮುಳುಗಿಸಿ, ಕೈಬಿಟ್ಟು ಮನೆಗೆ ಬಂದುಬಿಡುತ್ತಿದ್ದೆವು. ಆ ಸಲ ಕೂತು ನೋಡಿದೆ. ಕಿವಿಯ ಅಂಚಿನಿಂದ ಸಣ್ಣ ಗುಳ್ಳೆಗಳೆದ್ದವು. ಸೊಂಡಿಲು ಮೆತ್ತಗಾಗಿ ಹೊಟ್ಟೆಯ ಮೇಲೆ ಒರಗಿತು. ಸುಡದ ಮಣ್ಣು ನೀರು ಕುಡಿಯುತ್ತ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಅವಸರವಿಲ್ಲ. ಸಂಜೆಯ ಹೊತ್ತಿಗೆ ತಳದಲ್ಲಿ ರಾಡಿ ಉಳಿದಿತ್ತು. ಅತ್ತಿ ಬಗ್ಗಿ ನೋಡಿ, "ಈಗ ಮುಟ್ಟಿದ ನೋಡವಾ ತನ್ನ ಮನೀಗೆ" ಎಂದರು.

ನಮ್ಮ ಕಡೆ ಮಳೆಗಾಲವೆಲ್ಲ ಮಣ್ಣಿನ ಪೂಜೆಯೇ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು ಮತ್ತು ಅವು ಮೇವು ತಿನ್ನಲೊಂದು ಗ್ವಾದ್ಲಿ. ಆಷಾಢದ ಮಂಗಳವಾರಗಳಲ್ಲಿ ಗುಲಗಂಜಿ, ಕುಸುಬಿ ಚುಚ್ಚಿಸಿಕೊಂಡು ಸಿಂಗಾರವಾಗುವ ಗುಳ್ಳವ್ವ. ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಮನೆಮನೆಗೆ ಬರುವ ಜೋಕುಮಾರ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುವ ಅವನಿಗೆ ಏಳೇ ದಿನದ ಆಯುಷ್ಯ. ಈ ಐದೂ ದೇವರು ನಿಲ್ಲಲು ಬಂದವರಲ್ಲ. ಕುಂಬಾರನ ಕೈಯಿಂದಲೋ ಮಕ್ಕಳ ಕೈಯಿಂದಲೋ ಎದ್ದು, ಉಂಡು, ಮಣ್ಣಿಗೆ ಮರಳುವವರು. ಬರಮಾಡಿಕೊಳ್ಳುವುದು ಹಬ್ಬದ ಒಂದು ಪಾಲಾದರೆ, ನೆಟ್ಟಗೆ ಕಳಿಸಿಕೊಡುವುದು ಇನ್ನೊಂದು ಪಾಲು.

ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಕೆಡಿಸಿದ್ದು ಆ ಎರಡನೆಯ ಪಾಲನ್ನು. ಜಿಪ್ಸಂ ಕಲ್ಲನ್ನು ಕಾಸಿ ನೀರು ಹಾರಿಸಿದರೆ ಆ ಪುಡಿ ಸಿಗುತ್ತದೆ. ನೀರು ಬೆರೆಸಿ ಅಚ್ಚಿಗೆ ಸುರಿದರೆ ತಿರುಗಿ ಜಿಪ್ಸಂ ಕಲ್ಲೇ ಆಗುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಸುಮಾರು ಎರಡೂವರೆ ಗ್ರಾಂ ಮಾತ್ರ. ಹತ್ತು ಕಿಲೋದ ಮೂರ್ತಿ ಕರಗಲು 4,000 ಲೀಟರ್ ಬೇಕು. ನನ್ನ ಬಕೆಟ್ಟಿನಲ್ಲಾದರೆ ನಲವತ್ತು ಗ್ರಾಮೂ ಕರಗಲಿಕ್ಕಿಲ್ಲ. ಹಬ್ಬದ ಮರುವಾರ ಕೆರೆಯ ದಂಡೆಯಲ್ಲಿ ಮುಖ ಮೇಲಾಗಿ ಬಿದ್ದ, ಕೈ ಮುರಿದ ಗಣಪ್ಪಗಳನ್ನು ಕಂಡಾಗ ನನಗೆ ಮೊದಲು ನೆನಪಾಗುವುದು ಮಾಲಿನ್ಯವಲ್ಲ. ಕರೆದು ಉಣಿಸಿ, ಊರಿಗೆ ಹೋಗುವ ಬಸ್ಸು ಹತ್ತಿಸದೆ ರಸ್ತೆಯಲ್ಲಿ ಬಿಟ್ಟ ನೆಂಟ. ಮೀನಿನ ಪಾಡು, ಬಣ್ಣದೊಳಗಿನ ಸೀಸದ ಕೇಡು ಆಮೇಲಿನವು, ಆದರೆ ಸಣ್ಣವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ತಿದ್ದಿದ ಮಾರ್ಗಸೂಚಿಯಲ್ಲಿ ಪಿಒಪಿ ಬೇಡವೆಂದೇ ಹೇಳಿದೆ. ಮಣ್ಣಿನವೂ ಸಾವಿರಗಟ್ಟಲೆ ಒಂದೇ ಕೆರೆಗೆ ಬಿದ್ದರೆ ಹೂಳು ತುಂಬುತ್ತದೆ. ಅದಕ್ಕೇ ಬಕೆಟ್ಟು.

ಹಳೆಯ ಆಚರಣೆಯೆಲ್ಲ ಕರುಣೆಯದೇ ಎಂದು ನಾನು ಹೇಳಲಾರೆ. ನಾಗರ ಪಂಚಮಿಗೆ ಹಲ್ಲು ಕಿತ್ತ, ದಿನಗಟ್ಟಲೆ ನೀರು ಕಾಣದ ಹಾವು ಬುಟ್ಟಿಯಲ್ಲಿ ಬಂದು ಹಾಲಿಗೆ ಬಾಯಿ ಹಚ್ಚುತ್ತಿದ್ದುದು ಭಕ್ತಿಗಲ್ಲ, ನೀರಡಿಕೆಗೆ. ಹಾವಿಗೆ ಹಾಲು ಒಗ್ಗುವ ಆಹಾರವೂ ಅಲ್ಲ. ಆದರೆ ಅದೇ ಪಂಚಮಿಗೆ ಅತ್ತಿ ನೆಲ ಅಗೆಯಗೊಡುವುದಿಲ್ಲ, ಒಲೆಯ ಮೇಲೆ ಹಂಚು ಇಡಗೊಡುವುದಿಲ್ಲ. ಮಳೆಗೆ ಬಿಲದಲ್ಲಿ ನೀರು ನುಗ್ಗಿ ಹಾವು ಹೊರಬರುವ ಹೊತ್ತು ಅದು. ಗುದ್ದಲಿ ಮುಟ್ಟದ ಆ ಒಂದು ದಿನದ ಮುಂದೆ ತಂಬಿಗೆ ಹಾಲು ಯಾವ ಲೆಕ್ಕ? ನಮ್ಮ ಮನೆಯಲ್ಲಿ ಈಗ ಮಣ್ಣಿನ ನಾಗಪ್ಪನಿಗೆ ಕೊಬ್ಬರಿ ಬಟ್ಟಲಿನಿಂದ ಐದು ಹನಿ ಹಾಲು. ಉಳಿದದ್ದು ಓಣಿಯ ಮಕ್ಕಳಿಗೆ, ಶೇಂಗಾ ಉಂಡಿಯ ಜೊತೆಗೆ.

ಪಟಾಕಿಯ ಮಾತು ಬಂದರೆ ನನಗೆ ಸಂಕಟ. ನಮ್ಮ ಭಾಗದಲ್ಲಿ ದೀಪಾವಳಿಗಿಂತ ಚೌತಿಗೇ ಸದ್ದು ಹೆಚ್ಚು. ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ಬೆಳೆದ ಕಂದು ನಾಯಿಯೊಂದು ಆ ರಾತ್ರಿಗಳಲ್ಲಿ ನಮ್ಮ ಕಟ್ಟೆಯ ಕೆಳಗೆ ಸೇರಿಕೊಂಡು ಅನ್ನ ಮುಟ್ಟದೆ ನಡುಗುತ್ತದೆ. ಹೋದ ವರ್ಷ ಮಗ ಪಟಾಕಿ ರೊಕ್ಕ ಬ್ಯಾಡ ಎಂದ. ಅವನಿಗೆ ನಾನೇನೂ ಬುದ್ಧಿ ಹೇಳಿರಲಿಲ್ಲ. ನಾಯಿಯ ಪಕ್ಕ ಕೂತು ಅದರ ಬೆನ್ನ ಮೇಲೆ ಕೈಯಿಟ್ಟಿದ್ದ, ಅಷ್ಟೇ.

ಆ ಮೊದಲ ಸಲದ ಬಕೆಟ್ಟಿನ ತಿಳಿನೀರನ್ನು ನವಲೂರಿನಿಂದ ತಂದು ನೆಟ್ಟ ಪೇರಲ ಗಿಡಕ್ಕೆ ಹಾಕಿದೆವು. ತಳದ ರಾಡಿಯನ್ನು ಒಣಗಿಸಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೆ. ಜ್ಯೇಷ್ಠದ ಅಮಾವಾಸ್ಯೆಯ ಮುನ್ನಾದಿನ ಮಗ ಅದನ್ನು ಹೊರಗೆಳೆದ.

"ಅಮ್ಮಾ, ಗಣಪ್ಪನ ಮಣ್ಣಿಲೇ ಎತ್ತ ಮಾಡಿದ್ರ ನಡೀತೈತೇನು?"

ಅತ್ತಿ ಸ್ವಲ್ಪ ಹೊತ್ತು ಯೋಚಿಸಿದರು. "ಕಳಿಸಿ ಕೊಟ್ಟೇವಲ್ಲಪಾ. ಈಗದು ಬರೇ ಮಣ್ಣು. ರಾತ್ರಿ ನೆನಿ ಹಾಕು."

ಮರುದಿನ ಕಟ್ಟೆಯ ಮೇಲೆ ಎರಡು ಎತ್ತು, ಒಂದು ಗ್ವಾದ್ಲಿ ಎದ್ದವು. ಮಣ್ಣು ಇನ್ನೂ ಸರಿಯಾಗಿ ನೆನೆದಿರಲಿಲ್ಲವೇನೋ, ಒಣಗುವಾಗ ಒಂದರ ಮುಂಗಾಲು ಬಿರುಕು ಬಿಟ್ಟು ಉದುರಿತು. ಮಗನ ಮುಖ ಸಣ್ಣದಾಯಿತು. ಅಮಾವಾಸ್ಯೆಯ ಮರುದಿನ ಹುಡುಗರು ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಎತ್ತಲು ಹೋಗುವುದುಂಟು. ಅತ್ತಿ ಆ ಎತ್ತನ್ನು ಅಂಗೈಯಲ್ಲಿ ಎತ್ತಿಕೊಂಡು, "ಇದನ್ನ ನಾಳೆಗೆ ಇಡು, ಇನ್ನೊಂದ ಮಾಡು, ಮಣ್ಣ ಇನ್ನೂ ಐತಿ" ಎಂದರು.