ಕುದುರೆ ಬಿಟ್ಟರೂ ಜೀನು ಬಿಡಲೊಲ್ಲರು

ಊರೂರು ತಿರುಗಿ ದುಡಿಯುವ ಬಡಗಿ ಮರವನ್ನು ಹೊತ್ತು ಹೋಗುವುದಿಲ್ಲ. ಉಳಿ, ಬಾಚಿಗಳನ್ನು ಮಾತ್ರ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಮರ ಎಲ್ಲಿಯಾದರೂ ಸಿಕ್ಕೀತು. ಕೈಗೆ ಒಗ್ಗಿದ ಉಳಿ ಸಿಗಲಾರದು. ಕಂಪ್ಯೂಟರ್ ಮುಂದೆ ಕುಳಿತು ದುಡಿಯುವವರಿಗೆ ಇಂಥ ಉಳಿ ಯಾವುದು? ಕೀಲಿಮಣೆ ಎಂದರು ಜಪಾನಿನ ವಿಜ್ಞಾನಿ ಎಯಿಚಿ ವಾಡಾ.

ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಾಡಾ ಅವರಿಗೆ ಒಂದು ಕಿರಿಕಿರಿಯಿತ್ತು. ಯಂತ್ರ ಬದಲಾದಂತೆಲ್ಲ ಕೀಲಿಗಳ ಜಾಗವೂ ಬದಲು. ಕೀಲಿಗಳ ಸಂಖ್ಯೆಯೋ ನೂರು ದಾಟಿತ್ತು. ಅಮೆರಿಕದ ದನಗಾಹಿಗಳು ಕುದುರೆ ಸತ್ತರೆ ಅದನ್ನು ಅಲ್ಲೇ ಬಿಟ್ಟು, ಜೀನನ್ನು ಮಾತ್ರ ಹೆಗಲಿಗೇರಿಸಿ ನಡೆಯುತ್ತಾರೆಂದು ಅವರು ಹೋಲಿಕೆ ಕೊಟ್ಟರು. ಕಂಪ್ಯೂಟರ್ ಕುದುರೆ, ಕೀಲಿಮಣೆ ಜೀನು.

ಹೊರುವ ಜೀನು ಚಿಕ್ಕದಾಗಿರಬೇಕಲ್ಲವೆ? ವಾಡಾ ಕಾಗದ ಕತ್ತರಿಸಿ, ಅಂಟಿಸಿ ಮಾದರಿ ಮಾಡಿದರು. ಬಲಬದಿಯ ಅಂಕಿಗಳ ಗುಂಪು ಹೋಯಿತು, ಮೇಲಿನ ಸಾಲು ಹೋಯಿತು. ಉಳಿದದ್ದು 60 ಕೀಲಿ. ಕೈಬಿಟ್ಟ ಕೆಲಸಗಳನ್ನು ಇನ್ನೊಂದು ಕೀಲಿಯನ್ನು ಹಿಡಿದು ಒತ್ತಿ ಮಾಡಿಕೊಳ್ಳಬಹುದು. 1996ರ ಡಿಸೆಂಬರಿನಲ್ಲಿ ಪಿ.ಎಫ್.ಯು. ಕಂಪನಿ ಇದನ್ನು 'ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅಗಲ ಸುಮಾರು 29 ಸೆಂ.ಮೀ. ಅಷ್ಟೆ. ಆದರೆ ಒಂದು ಅಕ್ಷರದ ನಡುವಿನಿಂದ ಪಕ್ಕದ ಅಕ್ಷರದ ನಡುವಿಗೆ ಇರುವ 19 ಮಿ.ಮೀ. ಅಂತರ ಹಾಗೇ ಉಳಿಯಿತು. ಅದು ಬೆರಳಿನ ಅಳತೆ, ಅದನ್ನು ಕುಗ್ಗಿಸುವಂತಿಲ್ಲ.

ಇಂದಿನ ಹವ್ಯಾಸಿಗಳು ಇದೇ ಅಳತೆಯ ಕೀಲಿಮಣೆಯನ್ನು ತಾವೇ ಜೋಡಿಸುತ್ತಾರೆ. ಪ್ರತಿ ಕೀಲಿಯ ಕೆಳಗೂ ಸ್ಪ್ರಿಂಗ್ ಇರುವ ಬೇರೆಬೇರೆ ಸ್ವಿಚ್ಚು. ಸಾಮಾನ್ಯವಾಗಿ ಅದು 4 ಮಿ.ಮೀ. ಕೆಳಗಿಳಿಯುತ್ತದೆ, ಸುಮಾರು 2 ಮಿ.ಮೀ. ಇಳಿದಾಗಲೇ ಸಂಪರ್ಕ ಕೂಡುತ್ತದೆ. ತಳಕ್ಕೆ ಕುಟ್ಟಬೇಕಾಗಿಲ್ಲ.

ಇಲ್ಲೊಂದು ಲೆಕ್ಕವಿದೆ. 60 ಸ್ವಿಚ್ಚುಗಳಿಗೆ ಒಂದೊಂದು ತಂತಿ ಎಳೆದರೆ ಪುಟ್ಟ ಪೆಟ್ಟಿಗೆಯಲ್ಲಿ ಜಾಗವೆಲ್ಲಿ? ಮಗ್ಗಿ ಬಲ್ಲವರಿಗೆ ದಾರಿ ಹೊಳೆಯುತ್ತದೆ. 6 ಅಡ್ಡಸಾಲು, 10 ಕಂಬಸಾಲುಗಳಾಗಿ ತಂತಿ ಹೆಣೆದರೆ 16 ತಂತಿಗಳು ಸಾಕು. 3 ಮತ್ತು 20 ಆದರೆ 23 ಬೇಕು. ಸಾಲುಗಳು ಚೌಕಕ್ಕೆ ಹತ್ತಿರವಾದಷ್ಟೂ ತಂತಿ ಕಡಿಮೆ. ಒಳಗಿನ ಚಿಕ್ಕ ಚಿಪ್ಪು ಒಂದೊಂದು ಸಾಲನ್ನೂ ಸರದಿಯಂತೆ, ಸೆಕೆಂಡಿಗೆ ನೂರಾರು ಸಲ ವಿಚಾರಿಸುತ್ತ ಹೋಗುತ್ತದೆ. ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ವಿದ್ಯುತ್ತು ಹಿಮ್ಮುಖವಾಗಿ ಸುತ್ತಿ ಬಂದು, ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಇದನ್ನು ತಡೆಯಲು ಪ್ರತಿ ಸ್ವಿಚ್ಚಿಗೂ ಒಂದು ಡಯೋಡ್. ತಿರುಗುಮುರುಗಾಗಿ ಬೆಸೆದರೆ ಆ ಕೀಲಿ ಮೂಕವಾಗುತ್ತದೆ. 60 ಡಯೋಡುಗಳ ಗೆರೆಯನ್ನು 60 ಸಲವೂ ನೋಡಬೇಕು. ಪುಸ್ತಕದಲ್ಲಿ ಓದಿದ ಡಯೋಡಿಗೂ ಕೈಯಲ್ಲಿ ಹಿಡಿದ ಡಯೋಡಿಗೂ ಇರುವ ದೂರ ಇಲ್ಲಿ ತಿಳಿಯುತ್ತದೆ.

ಕನ್ನಡಕ್ಕೆ ಇಷ್ಟು ಪುಟ್ಟ ಕೀಲಿಮಣೆ ಸಾಕೆ? ಧಾರಾಳ ಸಾಕು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ನಮ್ಮ ವರ್ಣಮಾಲೆಯನ್ನು ಕೂರಿಸಿತು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಗಳಿಗೆ ಪ್ರತ್ಯೇಕ ಕೀಲಿಗಳೇ ಬೇಡ. ಬರೆಯುವವರ ಅಗತ್ಯವನ್ನು ಅರಿತವರಿಗೆ ಮಾತ್ರ ಇಂಥ ಮಿತವ್ಯಯ ಸಾಧ್ಯ.

ಹೀಗೆ ಜೋಡಿಸುವುದು ಅಗ್ಗದ ಹವ್ಯಾಸವಲ್ಲ. ಬೆಸುಗೆ ಕಡ್ಡಿಯ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ದೊಡ್ಡವರು ಜೊತೆಗಿರಬೇಕು, ಕಿಟಕಿ ತೆರೆದಿರಬೇಕು. ಆದರೆ ಮೊದಲ ಹೆಜ್ಜೆಗೆ ಖರ್ಚೇ ಇಲ್ಲ: ಕಾಗದ ಮತ್ತು ಕತ್ತರಿ. ಒಂದು ವಾರ ತಾವು ಯಾವ ಕೀಲಿ ಮುಟ್ಟುತ್ತೇವೆ, ಯಾವುದನ್ನು ಮುಟ್ಟುವುದೇ ಇಲ್ಲ ಎಂದು ಮಕ್ಕಳು ಗುರುತು ಹಾಕಿಕೊಳ್ಳಲಿ. ನಾಳೆ ಹಾಸ್ಟೆಲ್ಲಿಗೆ ಹೊರಡುವಾಗ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂದು ಅಪ್ಪ ಅಮ್ಮ ಹೇಳಿಕೊಡಬೇಕಾಗದ ಹಾಗೆ, ತಮ್ಮ ಅಗತ್ಯವನ್ನು ತಾವೇ ಅಳೆಯುವ ಅಭ್ಯಾಸ ಅದು.

ಮೂಲೆ ಸೇರಿದ ಹಳೆಯ ಕೀಲಿಮಣೆಯನ್ನು ಮಗಳೋ ಮಗನೋ ಸ್ಕ್ರೂಡ್ರೈವರ್ ಹಿಡಿದು ಬಿಚ್ಚುತ್ತಿದ್ದರೆ ಗದರಬೇಡಿ. ಇಷ್ಟೊಂದು ಕೀಲಿಗಳಿಗೆ ಇಷ್ಟೇ ತಂತಿಗಳು ಹೇಗೆ ಸಾಕಾದವು ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ.